ಭಾರತದ ಸುನಾಮಿ ಮುನ್ನೆಚ್ಚರಿಕೆ ವ್ಯವಸ್ಥೆ

ಭಾರತದ ಸುನಾಮಿ ಮುನ್ನೆಚ್ಚರಿಕೆ ವ್ಯವಸ್ಥೆಯು ಹಿಂದೂ ಮಹಾಸಾಗರದಲ್ಲಿ ಸಂಭವಿಸುವ ಪ್ರಬಲ ಭೂಕಂಪಗಳನ್ನೂ ಅವುಗಳಿಂದ ಸಮುದ್ರದಲ್ಲಿ ಏಳಬಹುದಾದ ಸುನಾಮಿ ಅಲೆಗಳನ್ನೂ ಗುರುತಿಸಿ, ಕರಾವಳಿಯ ಆಡಳಿತಕ್ಕೆ ಸೂಚನೆ ನೀಡುವ ಸಂವೇದಕ ಜಾಲ ಮತ್ತು ಅದಕ್ಕೆ ಹೊಂದಿಕೊಂಡ ಕಾರ್ಯವಿಧಾನವಾಗಿದೆ. ಇದರ ಕೇಂದ್ರವು ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿದೆ. ಈ ಸಂಸ್ಥೆಯು ಅದರ ಆಂಗ್ಲ ಹೆಸರಿನ ಆದ್ಯಕ್ಷರಗಳಿಂದ ‘ಇನ್‌ಕಾಯ್ಸ್’ ಎಂದು ಪರಿಚಿತವಾಗಿದ್ದು, ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯದ ಅಧೀನದಲ್ಲಿದೆ. 2004ರ ಡಿಸೆಂಬರ್ 26ರ ಸುನಾಮಿ ದುರಂತದ ಬಳಿಕ ರೂಪುಗೊಂಡ ಈ ವ್ಯವಸ್ಥೆಯು 2007ರ ಅಕ್ಟೋಬರ್ 15ರಿಂದ ಹಗಲಿರುಳೂ ಕೆಲಸ ಮಾಡುತ್ತಿದೆ. ಭೂಕಂಪಮಾಪಕಗಳು, ಸಮುದ್ರತಳದ ಒತ್ತಡಮಾಪಕಗಳು ಮತ್ತು ಕರಾವಳಿಯ ಉಬ್ಬರವಿಳಿತ ಮಾಪಕಗಳು ಈ ಜಾಲದ ಮೂರು ಮುಖ್ಯ ಅಂಗಗಳು.

ಸುನಾಮಿ ಬರುತ್ತಿದೆ ಎಂದು ತಿಳಿಸುವುದಷ್ಟೇ ಇಂತಹ ವ್ಯವಸ್ಥೆಯ ಕೆಲಸವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಸಮುದ್ರದಡಿಯ ಭೂಕಂಪಗಳಲ್ಲಿ ಬಹುಪಾಲು ಅಪಾಯಕಾರಿ ಸುನಾಮಿಯನ್ನು ಉಂಟುಮಾಡುವುದಿಲ್ಲ. ಆದ್ದರಿಂದ ‘ಈ ಬಾರಿ ಜನರನ್ನು ತೆರವುಗೊಳಿಸುವ ಅಗತ್ಯವಿಲ್ಲ’ ಎಂದು ಖಚಿತವಾಗಿ ಹೇಳುವುದೂ ಈ ಜಾಲದ ಅಷ್ಟೇ ಮುಖ್ಯವಾದ ಕೆಲಸವಾಗಿದೆ. ಸಮುದ್ರದಲ್ಲಿ ಬಹಳ ವೆಚ್ಚದಿಂದ ಸ್ಥಾಪಿಸಲಾದ ಉಪಕರಣಗಳ ಪ್ರಯೋಜನ ಹೆಚ್ಚಾಗಿ ಕಂಡುಬರುವುದು ಇಲ್ಲಿಯೇ.

ಹಿನ್ನೆಲೆ

2004ರ ಡಿಸೆಂಬರ್ 26ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 6 ಗಂಟೆ 28 ನಿಮಿಷಕ್ಕೆ, ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯ ಬಳಿ 9.1 ಪರಿಮಾಣದ ಭೂಕಂಪ ಸಂಭವಿಸಿತು. ಸುಮಾತ್ರಾದಿಂದ ಉತ್ತರಕ್ಕೆ ಅಂಡಮಾನ್ ದ್ವೀಪಗಳವರೆಗೆ 1,200 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸಮುದ್ರತಳವು ಬಿರಿಯಿತು. ಗ್ರೇಟ್ ನಿಕೋಬಾರ್ ದ್ವೀಪದ ತುದಿಯಲ್ಲಿರುವ ಇಂದಿರಾ ಪಾಯಿಂಟ್ ಪ್ರದೇಶವು ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿನ ದೀಪಸ್ತಂಭದ ಬುಡವು ನೀರಿನಲ್ಲಿ ನಿಲ್ಲುವಂತಾಯಿತು. ಈ ಭೂಕಂಪದಿಂದ ಎದ್ದ ಸುನಾಮಿಯು ಹದಿನಾಲ್ಕು ದೇಶಗಳಲ್ಲಿ ಸುಮಾರು 2,30,000 ಜನರ ಪ್ರಾಣವನ್ನು ತೆಗೆದುಕೊಂಡಿತು. ಭಾರತದಲ್ಲಿ 10,000ಕ್ಕೂ ಹೆಚ್ಚು ಮಂದಿ ಮೃತಪಟ್ಟು, 5,000ಕ್ಕೂ ಹೆಚ್ಚು ಮಂದಿ ಕಣ್ಮರೆಯಾದರು. ಮುಖ್ಯಭೂಮಿಯಲ್ಲಿ ಅತಿ ಹೆಚ್ಚಿನ ಸಾವುಗಳು ಸಂಭವಿಸಿದ್ದು ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯಲ್ಲಿ. ಅಲ್ಲಿ 6,000ಕ್ಕೂ ಅಧಿಕ ಜನರು ಅಸುನೀಗಿದರು.

ಈ ದುರಂತದಲ್ಲಿ ಗಮನಿಸಬೇಕಾದ ಅಂಶವೆಂದರೆ ಕಾಲದ ಅಂತರ. ಭೂಕಂಪದ ಪ್ರಾಥಮಿಕ ಅಲೆಗಳು ಭೂಮಿಯ ಒಳಗೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಸಾಗುವುದರಿಂದ ಕೆಲವೇ ನಿಮಿಷಗಳಲ್ಲಿ ದಕ್ಷಿಣ ಭಾರತದ ಭೂಕಂಪಮಾಪಕಗಳನ್ನು ತಲುಪಿದ್ದವು. ಸುನಾಮಿಯ ಅಲೆ ಚೆನ್ನೈ ಕರಾವಳಿಯನ್ನು ಮುಟ್ಟಿದ್ದು ಎರಡು ಗಂಟೆಗಳಿಗೂ ಹೆಚ್ಚು ಸಮಯದ ನಂತರ. ಆಫ್ರಿಕಾದ ಸೊಮಾಲಿಯಾ ತಲುಪಲು ಅದಕ್ಕೆ ಸುಮಾರು ಏಳು ಗಂಟೆಗಳು ಬೇಕಾದವು, ಅಲ್ಲಿಯೂ ಜನರು ಸತ್ತರು. ಭೂಕಂಪವಾದ ಸುದ್ದಿ ಲೋಕಕ್ಕೆ ತಿಳಿದಿತ್ತು. ಆದರೆ ಸಮುದ್ರದಲ್ಲಿ ಏನಾಗುತ್ತಿದೆ ಎಂದು ನೋಡುವ ಉಪಕರಣ ಹಿಂದೂ ಮಹಾಸಾಗರದಲ್ಲಿರಲಿಲ್ಲ. ತಿಳಿದುದನ್ನು ಯಾರಿಗೆ ಹೇಳಬೇಕೆಂಬ ಏರ್ಪಾಡೂ ಇರಲಿಲ್ಲ. ಪೆಸಿಫಿಕ್ ಸಾಗರದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. 1946ರಲ್ಲಿ ಅಲ್ಯೂಷಿಯನ್ ದ್ವೀಪಗಳ ಬಳಿ ಹುಟ್ಟಿದ ಸುನಾಮಿಯು ಹವಾಯಿಯಲ್ಲಿ ಅನಾಹುತ ಮಾಡಿದ ಬಳಿಕ, 1949ರಲ್ಲಿಯೇ ಅಲ್ಲಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಗಿತ್ತು. 2004ರ ಭೂಕಂಪವನ್ನು ಆ ಕೇಂದ್ರವು ಕಾಲು ಗಂಟೆಯಲ್ಲಿ ಗುರುತಿಸಿತಾದರೂ, ಅದರ ಪರಿಮಾಣವನ್ನು ಮೊದಲು 8.0 ಎಂದಷ್ಟೇ ಅಂದಾಜಿಸಿತ್ತು.

ಸರಳವಾದ ಸಂಪರ್ಕ ಸಾಧನವೊಂದು ಏನು ಮಾಡಬಲ್ಲದೆಂಬುದಕ್ಕೆ ಅದೇ ದಿನದ ಒಂದು ಉದಾಹರಣೆ ದೊರೆಯುತ್ತದೆ. ಪುದುಚೇರಿಯ ನಲ್ಲವಾಡು ಎಂಬ ಮೀನುಗಾರರ ಹಳ್ಳಿಗೆ ಸೇರಿದ, ಸಿಂಗಪುರದಲ್ಲಿದ್ದ ವ್ಯಕ್ತಿಯೊಬ್ಬರು ಅಲ್ಲಿನ ಸುದ್ದಿಯನ್ನು ಕೇಳಿ ಊರಿಗೆ ದೂರವಾಣಿ ಕರೆ ಮಾಡಿದರು. ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಆ ಹಳ್ಳಿಯಲ್ಲಿ ನಡೆಸುತ್ತಿದ್ದ ಮಾಹಿತಿ ಕೇಂದ್ರದ ಧ್ವನಿವರ್ಧಕದಿಂದ ಕೂಡಲೇ ಎಚ್ಚರಿಕೆ ಸಾರಲಾಯಿತು. ಸುಮಾರು 3,600 ಜನಸಂಖ್ಯೆಯ ಆ ಊರಿನಲ್ಲಿ ಮನೆಗಳೂ ದೋಣಿಗಳೂ ನಾಶವಾದರೂ ಜನರು ಬದುಕುಳಿದರು.

ಸುನಾಮಿಯ ಸ್ವರೂಪ

‘ಸುನಾಮಿ’ ಜಪಾನೀ ಭಾಷೆಯ ಪದ. ‘ತ್ಸು’ ಎಂದರೆ ಬಂದರು, ‘ನಾಮಿ’ ಎಂದರೆ ಅಲೆ. ಆಳಸಮುದ್ರದಲ್ಲಿರುವ ದೋಣಿಗೆ ಅದರ ಸುಳಿವೇ ಹತ್ತದೆ, ಬಂದರಿನಲ್ಲಿ ಮಾತ್ರ ಅದು ವಿಕೋಪವಾಗಿ ಕಾಣಿಸಿಕೊಳ್ಳುವುದರಿಂದ ಈ ಹೆಸರು ಅನ್ವರ್ಥವಾಗಿದೆ. ಗಾಳಿಯಿಂದ ಏಳುವ ಸಾಮಾನ್ಯ ಅಲೆಯು ನೀರಿನ ಮೇಲ್ಪದರವನ್ನಷ್ಟೇ ಕಲಕುತ್ತದೆ. ಸುನಾಮಿಯಾದರೋ ಸಮುದ್ರತಳವು ಥಟ್ಟನೆ ಮೇಲೇರಿದಾಗ ಅಥವಾ ಕುಸಿದಾಗ, ತಳದಿಂದ ಮೇಲ್ಮೈವರೆಗಿನ ನೀರಿನ ಇಡೀ ಸ್ತಂಭವೇ ಅಲುಗಾಡುವುದರಿಂದ ಉಂಟಾಗುತ್ತದೆ. ಅದರ ಒಂದು ಅಲೆಯಿಂದ ಇನ್ನೊಂದು ಅಲೆಗೆ ನೂರಾರು ಕಿಲೋಮೀಟರ್ ಅಂತರವಿರಬಹುದು.

ಸುನಾಮಿಯ ವೇಗವು ನೀರಿನ ಆಳವನ್ನು ಅವಲಂಬಿಸಿದೆ. ಗುರುತ್ವ ವೇಗೋತ್ಕರ್ಷವನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ಅದರ ವೇಗ ದೊರೆಯುತ್ತದೆ. 4,000 ಮೀಟರ್ ಆಳದಲ್ಲಿ ಅದು ಗಂಟೆಗೆ ಸುಮಾರು 700 ಕಿಲೋಮೀಟರ್, ಅಂದರೆ ಹೆಚ್ಚು ಕಡಿಮೆ ಪ್ರಯಾಣಿಕ ವಿಮಾನದ ವೇಗ. ದಡದ ಬಳಿ 10 ಮೀಟರ್ ಆಳಕ್ಕೆ ಬಂದಾಗ ವೇಗವು ಗಂಟೆಗೆ 36 ಕಿಲೋಮೀಟರಿಗೆ ಇಳಿಯುತ್ತದೆ. ಹಿಂದಿನ ನೀರು ಮುಂದಿನ ನೀರನ್ನು ಒತ್ತರಿಸಿಕೊಂಡು ಬರುವುದರಿಂದ ಅಲೆ ಎತ್ತರಕ್ಕೆ ಏಳುತ್ತದೆ. 2004ರ ಸುನಾಮಿಯ ಸಮಯದಲ್ಲಿ ಭೂಕಂಪವಾದ ಎರಡು ಗಂಟೆಗಳ ನಂತರ ಬಂಗಾಳ ಕೊಲ್ಲಿಯ ಮೇಲೆ ಹಾದುಹೋದ ‘ಜೇಸನ್-1’ ಉಪಗ್ರಹವು ಅಳೆದ ಅಲೆಯ ಎತ್ತರ ಸುಮಾರು 60 ಸೆಂಟಿಮೀಟರ್ ಮಾತ್ರ. ಅಷ್ಟು ದೊಡ್ಡ ದುರಂತವೂ ತೆರೆದ ಸಮುದ್ರದಲ್ಲಿ ಮೊಣಕಾಲೆತ್ತರದ ಉಬ್ಬಾಗಿತ್ತಷ್ಟೆ. ಅದನ್ನು ಹಡಗಿನ ಮೇಲಿಂದ ಕಣ್ಣಿಟ್ಟು ಗುರುತಿಸಲು ಸಾಧ್ಯವಿಲ್ಲ. ಸಮುದ್ರತಳದಲ್ಲಿ ಉಪಕರಣವನ್ನಿರಿಸುವ ಅಗತ್ಯ ಉಂಟಾದದ್ದು ಈ ಕಾರಣದಿಂದ.

ಅಪಾಯದ ಮೂಲಗಳು

ಭಾರತದ ಕರಾವಳಿಗೆ ಸುನಾಮಿಯ ಅಪಾಯವು ಮುಖ್ಯವಾಗಿ ಎರಡು ದಿಕ್ಕುಗಳಿಂದ ಬರುತ್ತದೆ. ಒಂದು ಭೂಫಲಕವು ಇನ್ನೊಂದರ ಅಡಿಗೆ ಸರಿಯುವ ವಲಯಗಳು ಎರಡೂ ಕಡೆ ಇವೆ. ಪೂರ್ವದಲ್ಲಿರುವುದು ಅಂಡಮಾನ್-ನಿಕೋಬಾರ್-ಸುಮಾತ್ರಾ ವಲಯ; ಪಶ್ಚಿಮದಲ್ಲಿರುವುದು ಪಾಕಿಸ್ತಾನ ಮತ್ತು ಇರಾನ್ ದೇಶಗಳ ದಕ್ಷಿಣ ಕರಾವಳಿಯ ಮಕ್ರಾನ್ ವಲಯ. ಪೂರ್ವದ ವಲಯದಲ್ಲಿ 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ ಸಂಭವಿಸಿದ ಭೂಕಂಪದಿಂದ ಎದ್ದ ಸಣ್ಣ ಸುನಾಮಿಯನ್ನು ಬಂಗಾಳ ಕೊಲ್ಲಿಯ ಬಂದರುಗಳಲ್ಲಿದ್ದ ಉಬ್ಬರವಿಳಿತ ಮಾಪಕಗಳು ದಾಖಲಿಸಿದ್ದವು. 1883ರ ಆಗಸ್ಟ್‌ನಲ್ಲಿ ಕ್ರಕಟೋವಾ ಜ್ವಾಲಾಮುಖಿ ಸ್ಫೋಟಿಸಿದಾಗಲೂ ಭಾರತದ ಬಂದರುಗಳಲ್ಲಿ ನೀರಿನ ಏರಿಳಿತ ದಾಖಲಾಯಿತು. ಹಡಗುಗಳ ಅನುಕೂಲಕ್ಕಾಗಿ ಇಟ್ಟಿದ್ದ ಮಾಪಕಗಳು ಹೀಗೆ ಅರಿವಿಲ್ಲದೆಯೇ ಸುನಾಮಿಯ ಇತಿಹಾಸವನ್ನು ಬರೆದಿಟ್ಟಿದ್ದವು. 2004ರವರೆಗೆ ಆ ದಾಖಲೆಗಳಿಗೆ ದೊರೆಯಬೇಕಾದಷ್ಟು ಗಮನ ದೊರೆಯಲಿಲ್ಲ.

ಪಶ್ಚಿಮದ ಮಕ್ರಾನ್ ವಲಯದಲ್ಲಿ 1945ರ ನವೆಂಬರ್ 28ರ ನಸುಕಿನಲ್ಲಿ 8.1 ಪರಿಮಾಣದ ಭೂಕಂಪ ಸಂಭವಿಸಿ, ಸುನಾಮಿಯು ಪಸ್ನಿ ಮುಂತಾದ ಕರಾವಳಿ ಪಟ್ಟಣಗಳನ್ನು ಹಾಳುಗೆಡವಿತು. ಅದರ ಅಲೆಗಳು ಕಚ್ಛ್ ತೀರಕ್ಕೂ, ಬೆಳಿಗ್ಗೆ ಮುಂಬಯಿಗೂ ಬಂದು ಅಲ್ಲಿಯೂ ಜೀವಹಾನಿ ಉಂಟುಮಾಡಿದವು. ಪಶ್ಚಿಮ ಕರಾವಳಿಗೆ ಸುನಾಮಿಯ ಭಯವಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲ.

ಸಂವೇದಕ ಜಾಲ

ಜಾಲದಲ್ಲಿ ಮೊದಲು ಎಚ್ಚರಗೊಳ್ಳುವುದು ಭೂಕಂಪಮಾಪಕಗಳು. ಇದಕ್ಕಾಗಿ ಭಾರತದಲ್ಲಿ 17 ಕೇಂದ್ರಗಳ ಜಾಲವೊಂದನ್ನು ಸ್ಥಾಪಿಸಲಾಗಿದ್ದು, ಅವು ಉಪಗ್ರಹ ಸಂಪರ್ಕದ ಮೂಲಕ ಎಡೆಬಿಡದೆ ಮಾಹಿತಿ ಕಳುಹಿಸುತ್ತವೆ. ಇವುಗಳೊಡನೆ ಇತರ ದೇಶಗಳ ನೂರಾರು ಕೇಂದ್ರಗಳ ಮಾಹಿತಿಯೂ ಹೈದರಾಬಾದಿಗೆ ಬರುತ್ತದೆ. ಹಲವು ಕೇಂದ್ರಗಳಿಗೆ ಅಲೆಗಳು ತಲುಪಿದ ಸಮಯಗಳನ್ನು ಹೋಲಿಸಿ, ಗಣಕಯಂತ್ರವು ಭೂಕಂಪದ ಸ್ಥಳ, ಆಳ ಮತ್ತು ಪರಿಮಾಣಗಳನ್ನು ಲೆಕ್ಕ ಹಾಕುತ್ತದೆ. ಸುಮಾರು ಹತ್ತು ನಿಮಿಷಗಳ ಒಳಗೆ ಮೊದಲ ಪ್ರಕಟಣೆ ಹೊರಡಬೇಕೆಂಬುದು ಕೇಂದ್ರದ ಗುರಿ. ಭೂಕಂಪವು ಸಮುದ್ರದ ಅಡಿಯಲ್ಲಿ, ಕಡಿಮೆ ಆಳದಲ್ಲಿ ಸಂಭವಿಸಿದ್ದು, ಪರಿಮಾಣ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ಹಂತಗಳು ಆರಂಭವಾಗುತ್ತವೆ.

ಭೂಕಂಪಮಾಪಕಕ್ಕೆ ಒಂದು ಸಹಜವಾದ ಮಿತಿಯಿದೆ. ಅದು ನೆಲದ ಕಂಪನವನ್ನು ಅಳೆಯುತ್ತದೆಯೇ ಹೊರತು ನೀರಿನ ಚಲನೆಯನ್ನಲ್ಲ. ಸಮುದ್ರತಳದ ಎರಡು ಬದಿಗಳು ಒಂದನ್ನೊಂದು ಉಜ್ಜಿಕೊಂಡು ಅಡ್ಡಡ್ಡಲಾಗಿ ಸರಿದರೆ ನೆಲ ಎಷ್ಟೇ ನಡುಗಿದರೂ ನೀರು ಹೆಚ್ಚು ಮೇಲೇಳುವುದಿಲ್ಲ. ಒಂದು ಬದಿ ಮೇಲೆದ್ದರೆ ಮಾತ್ರ ನೀರಿನ ಸ್ತಂಭವೇ ಎದ್ದು ಸುನಾಮಿಯಾಗುತ್ತದೆ. ಮೊದಲ ಕೆಲವು ನಿಮಿಷಗಳಲ್ಲಿ ಈ ಭೇದವನ್ನು ಖಚಿತವಾಗಿ ಹೇಳುವುದು ಕಷ್ಟ.

ಆ ಸಂಶಯವನ್ನು ನಿವಾರಿಸುವುದು ಸಮುದ್ರತಳದ ಒತ್ತಡಮಾಪಕ. ಸಾವಿರಾರು ಮೀಟರ್ ಆಳದಲ್ಲಿ ಇರಿಸಲಾದ ಈ ಉಪಕರಣವು ತನ್ನ ಮೇಲಿರುವ ನೀರಿನ ಭಾರವನ್ನು ಸತತವಾಗಿ ತೂಗುತ್ತಿರುತ್ತದೆ. 4,000 ಮೀಟರ್ ಆಳದಲ್ಲಿ ಆ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 400 ಪಟ್ಟು ಇರುತ್ತದೆ. ಅಷ್ಟು ಭಾರದ ನಡುವೆಯೂ ಮೇಲ್ಮೈ ನೀರು ಒಂದು ಸೆಂಟಿಮೀಟರಿನಷ್ಟು ಏರಿದರೆ ಅಥವಾ ಇಳಿದರೆ ಅದು ಗುರುತಿಸಬಲ್ಲದು. ಗಾಳಿಯ ಅಲೆಗಳ ಅಬ್ಬರ ಅಷ್ಟು ಆಳಕ್ಕೆ ತಲುಪದು. ಆದ್ದರಿಂದ ಚಂಡಮಾರುತದ ನಡುವೆಯೂ ಉಪಕರಣ ಮೋಸಹೋಗುವುದಿಲ್ಲ. ಉಬ್ಬರವಿಳಿತಗಳು ತಳದಲ್ಲಿಯೂ ತಿಳಿಯುತ್ತವೆ, ಆದರೆ ಅವು ನಿಧಾನವಾದವು ಮತ್ತು ಮೊದಲೇ ಲೆಕ್ಕ ಹಾಕಬಹುದಾದವು. ಉಪಕರಣವು ತಾನು ನಿರೀಕ್ಷಿಸಿದ ಒತ್ತಡವನ್ನು ಅಳೆದ ಒತ್ತಡದೊಂದಿಗೆ ಹೋಲಿಸುತ್ತಿರುತ್ತದೆ. ವ್ಯತ್ಯಾಸವು ನಿಗದಿತ ಮಿತಿಯನ್ನು (ಅಮೆರಿಕದ ‘ಡಾರ್ಟ್’ ಮಾದರಿಯಲ್ಲಿ ಇದು 3 ಸೆಂಟಿಮೀಟರ್) ಮೀರಿದೊಡನೆ ಅದು ತುರ್ತು ಸ್ಥಿತಿಗೆ ಬದಲಾಗಿ ಬೇಗ ಬೇಗನೆ ವರದಿ ಮಾಡತೊಡಗುತ್ತದೆ. ಭೂಕಂಪದ ಕೇಂದ್ರಕ್ಕೆ ಸಮೀಪದಲ್ಲಿರುವ ಉಪಕರಣವನ್ನು ಸುನಾಮಿಗಿಂತ ಮೊದಲು ನೆಲದ ಕಂಪನವೇ ಅಲುಗಾಡಿಸಿ ಎಚ್ಚರಿಸುವುದುಂಟು. ಅಂತಹ ಸಂಕೇತವನ್ನು ನಿಜವಾದ ಅಲೆಯಿಂದ ಬೇರ್ಪಡಿಸಿ ಓದುವುದು ಕರ್ತವ್ಯದಲ್ಲಿರುವ ವಿಜ್ಞಾನಿಯ ಕೆಲಸ.

ರೇಡಿಯೋ ತರಂಗಗಳು ಸಮುದ್ರದ ನೀರಿನಲ್ಲಿ ಬಹುದೂರ ಸಾಗಲಾರವು. ಆದ್ದರಿಂದ ತಳದ ಉಪಕರಣವು ತನ್ನ ಮಾಹಿತಿಯನ್ನು ಶಬ್ದತರಂಗಗಳ ರೂಪದಲ್ಲಿ ಮೇಲಕ್ಕೆ ಕಳುಹಿಸುತ್ತದೆ. ಅದರ ಮೇಲೆ, ಲಂಗರು ಹಾಕಿ ನಿಲ್ಲಿಸಿದ ತೇಲುಘಟಕವು ಆ ಶಬ್ದವನ್ನು ಗ್ರಹಿಸಿ ಉಪಗ್ರಹಕ್ಕೆ, ಉಪಗ್ರಹವು ಹೈದರಾಬಾದ್ ಮತ್ತು ಚೆನ್ನೈಗಳಿಗೆ ರವಾನಿಸುತ್ತದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರಗಳಲ್ಲಿ ಇಂತಹ ಘಟಕಗಳನ್ನು ನಿಲ್ಲಿಸುವ ಹಾಗೂ ದುರಸ್ತಿ ಮಾಡುವ ಕಾರ್ಯದಲ್ಲಿ ತೊಡಗಿದೆ.

ತೇಲುಘಟಕವು ಇಡೀ ಸರಪಳಿಯ ದುರ್ಬಲ ಕೊಂಡಿಯೂ ಹೌದು. ಬಿಸಿಲು, ಉಪ್ಪುನೀರು ಮತ್ತು ಚಂಡಮಾರುತಗಳಿಗಿಂತಲೂ ಮನುಷ್ಯರಿಂದಲೇ ಅದಕ್ಕೆ ಹೆಚ್ಚು ತೊಂದರೆಯೆಂದು ಹಲವು ದೇಶಗಳ ಅನುಭವ ಹೇಳುತ್ತದೆ. ಸಮುದ್ರದಲ್ಲಿ ತೇಲುವ ಯಾವುದೇ ವಸ್ತುವಿನ ನೆರಳಿನಲ್ಲಿ ಮೀನುಗಳು ಗುಂಪುಗೂಡುತ್ತವೆ. ಮೀನುಗಾರರು ಸಹಜವಾಗಿಯೇ ಅಲ್ಲಿಗೆ ಹೋಗುತ್ತಾರೆ, ದೋಣಿಯನ್ನು ಅದಕ್ಕೆ ಕಟ್ಟುತ್ತಾರೆ. ಬಲೆ ಸಿಕ್ಕಿಕೊಂಡು ಹಗ್ಗ ತುಂಡಾಗುವುದೂ, ಬಿಡಿಭಾಗಗಳು ಕಳುವಾಗುವುದೂ ಉಂಟು. ಯಾರ ರಕ್ಷಣೆಗಾಗಿ ಘಟಕವನ್ನು ನಿಲ್ಲಿಸಲಾಗಿದೆಯೋ ಅವರಿಗೆ ಅದರ ಉದ್ದೇಶವನ್ನು ವಿವರಿಸುವ ಕೆಲಸ ತಡವಾಗಿ ಆರಂಭವಾಯಿತೆನ್ನಬೇಕು. ಈಗ ಕರಾವಳಿಯ ಮೀನುಗಾರರಲ್ಲಿ ಈ ಕುರಿತು ತಿಳಿವಳಿಕೆ ಮೂಡಿಸಲಾಗುತ್ತಿದೆ.

ಜಾಲದ ಮೂರನೆಯ ಅಂಗವಾದ ಉಬ್ಬರವಿಳಿತ ಮಾಪಕಗಳು ಬಂದರುಗಳಲ್ಲಿವೆ. ಅಲೆ ಒಂದು ದಡವನ್ನು ಮುಟ್ಟಿದಾಗ ಅದರ ನಿಜವಾದ ಎತ್ತರವನ್ನು ಅವು ದಾಖಲಿಸುವುದರಿಂದ, ಅಲೆ ಇನ್ನೂ ತಲುಪದ ದೂರದ ದಡಗಳಿಗೆ ನೀಡಿದ ಮುನ್ಸೂಚನೆಯನ್ನು ತಿದ್ದಿಕೊಳ್ಳಲು ಸಾಧ್ಯವಾಗುತ್ತದೆ. ಪೋರ್ಟ್ ಬ್ಲೇರ್‌ನ ಮಾಪಕವು ತೋರಿಸಿದ್ದು ಚೆನ್ನೈಗೆ ಉಪಯೋಗಕ್ಕೆ ಬರುತ್ತದೆ. ಇವುಗಳಲ್ಲದೆ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ನೆಲವು ಎಷ್ಟು ಸರಿಯಿತೆಂಬುದನ್ನು ಉಪಗ್ರಹಗಳ ನೆರವಿನಿಂದ ನೇರವಾಗಿ ಅಳೆಯುವ ಉಪಕರಣಗಳನ್ನೂ ಅಳವಡಿಸಲಾಗಿದೆ. ಅತಿ ದೊಡ್ಡ ಭೂಕಂಪಗಳ ಪರಿಮಾಣವನ್ನು ಸಾಮಾನ್ಯ ಭೂಕಂಪಮಾಪಕಗಳು ಮೊದಲ ನಿಮಿಷಗಳಲ್ಲಿ ಕಡಿಮೆ ಅಂದಾಜು ಮಾಡುವ ದೋಷಕ್ಕೆ ಇದು ಪರಿಹಾರ. 2011ರ ಮಾರ್ಚ್ 11ರಂದು, ಜಗತ್ತಿನಲ್ಲಿಯೇ ಅತ್ಯಂತ ದಟ್ಟವಾದ ಮಾಪಕಜಾಲವಿರುವ ಜಪಾನಿನಲ್ಲಿಯೂ ಈ ದೋಷ ಕಂಡುಬಂದಿತು. ಅಲ್ಲಿ ಎಚ್ಚರಿಕೆ ಮೂರು ನಿಮಿಷಗಳಲ್ಲಿ ಹೊರಟಿತಾದರೂ, ವಾಸ್ತವದಲ್ಲಿ 9.0 ಇದ್ದ ಭೂಕಂಪವನ್ನು ಮೊದಲು 7.9 ಎಂದು ಎಣಿಸಿದ್ದರಿಂದ ಅಲೆಯ ಎತ್ತರದ ಅಂದಾಜು ಬಹಳ ಕಡಿಮೆಯಾಗಿತ್ತು. ಆ ಬಳಿಕ ಜಪಾನ್ ತನ್ನ ಪೂರ್ವ ಕರಾವಳಿಯ ಸಮುದ್ರತಳದಲ್ಲಿ ಸಾವಿರಾರು ಕಿಲೋಮೀಟರ್ ಉದ್ದದ ತಂತಿಯಿಂದ ಜೋಡಿಸಿದ 150 ವೀಕ್ಷಣಾ ಘಟಕಗಳನ್ನು ಸ್ಥಾಪಿಸಿತು. ತಂತಿಯ ಮೂಲಕ ಮಾಹಿತಿ ಬರುವುದರಿಂದ ಅಲ್ಲಿ ತೇಲುಘಟಕದ ಅವಲಂಬನೆ ಇಲ್ಲ. ವೆಚ್ಚ ಮಾತ್ರ ಬಹಳ ಹೆಚ್ಚು.

ನಿರ್ಧಾರದ ಕ್ರಮ

ಭೂಕಂಪದ ವಿವರ ದೊರೆತ ಮೇಲೆ ಅಲೆಯ ಚಲನೆಯನ್ನು ಮೊದಲಿಂದ ಲೆಕ್ಕ ಹಾಕುತ್ತ ಕೂರುವಷ್ಟು ಸಮಯವಿರುವುದಿಲ್ಲ. ಆದ್ದರಿಂದ ಹಿಂದೂ ಮಹಾಸಾಗರದ ಅಪಾಯದ ವಲಯಗಳಲ್ಲಿ ಬೇರೆ ಬೇರೆ ಸ್ಥಳ, ಆಳ ಮತ್ತು ಪರಿಮಾಣಗಳ ಭೂಕಂಪ ಸಂಭವಿಸಿದರೆ ಏನಾಗಬಹುದೆಂಬ ಸಾವಿರಾರು ಸನ್ನಿವೇಶಗಳನ್ನು ಮುಂಚಿತವಾಗಿಯೇ ಲೆಕ್ಕ ಮಾಡಿ ಸಂಗ್ರಹಿಸಿಡಲಾಗಿದೆ. ನಿಜವಾದ ಭೂಕಂಪಕ್ಕೆ ಅತಿ ಸಮೀಪದ ಸನ್ನಿವೇಶವನ್ನು ಆರಿಸಿಕೊಂಡು, ಕರಾವಳಿಯ ಯಾವ ಭಾಗಕ್ಕೆ ಎಷ್ಟು ಹೊತ್ತಿಗೆ ಎಷ್ಟು ಎತ್ತರದ ಅಲೆ ತಲುಪಬಹುದೆಂದು ಹೇಳಲಾಗುತ್ತದೆ. ಅಂದಾಜು ಎತ್ತರಕ್ಕೆ ಅನುಗುಣವಾಗಿ ಸೂಚನೆಯ ಹಂತ ನಿರ್ಧಾರವಾಗುತ್ತದೆ. ಅತಿ ಮೇಲಿನದು ಜನರನ್ನು ತೆರವುಗೊಳಿಸಬೇಕಾದ ‘ಎಚ್ಚರಿಕೆ’. ಅದರ ಕೆಳಗಿನದು ಕಡಲತೀರದಿಂದ ದೂರವಿರಬೇಕಾದ ‘ಜಾಗೃತಿ’. ಇನ್ನೂ ಕೆಳಗಿನದು ಮುಂದಿನ ಮಾಹಿತಿಗಾಗಿ ಕಾಯಬೇಕಾದ ‘ನಿಗಾ’.

ಈ ಕ್ರಮದಲ್ಲಿ ಒಂದು ಗಂಟೆಯ ಗೆರೆಯೊಂದಿದೆ. ಸುನಾಮಿಯು ಅರವತ್ತು ನಿಮಿಷಗಳ ಒಳಗೆ ತಲುಪಬಲ್ಲ ಪ್ರದೇಶಗಳಿಗೆ ಭೂಕಂಪದ ಮಾಹಿತಿಯೊಂದನ್ನೇ ಆಧರಿಸಿ ‘ಎಚ್ಚರಿಕೆ’ ನೀಡಲಾಗುತ್ತದೆ. ಸಮುದ್ರದ ಉಪಕರಣಗಳ ಸಾಕ್ಷ್ಯಕ್ಕಾಗಿ ಕಾಯುತ್ತ ಕುಳಿತರೆ ಅಲ್ಲಿಯ ಜನರಿಗೆ ಓಡಲು ಸಮಯ ಉಳಿಯುವುದಿಲ್ಲ. ಅದಕ್ಕಿಂತ ದೂರದ ಪ್ರದೇಶಗಳಿಗೆ ಮೊದಲು ಕೆಳಹಂತದ ಸೂಚನೆ ಕೊಟ್ಟು, ಒತ್ತಡಮಾಪಕ ಅಥವಾ ಉಬ್ಬರವಿಳಿತ ಮಾಪಕವು ಅಲೆಯನ್ನು ದೃಢಪಡಿಸಿದ ಮೇಲಷ್ಟೇ ಅದನ್ನು ‘ಎಚ್ಚರಿಕೆ’ಯ ಹಂತಕ್ಕೆ ಏರಿಸಲಾಗುತ್ತದೆ. ನಿಕೋಬಾರ್ ದ್ವೀಪದವರು ಕೆಲವೊಮ್ಮೆ ವ್ಯರ್ಥವಾಗಿ ಗುಡ್ಡ ಹತ್ತಬೇಕಾಗಬಹುದು. ಆದರೆ ಚೆನ್ನೈನಂತಹ ಮಹಾನಗರದ ಕರಾವಳಿಯನ್ನು ಸುಮ್ಮನೆ ತೆರವುಗೊಳಿಸುವ ಪ್ರಸಂಗ ಬರಬಾರದು ಎಂಬುದು ಈ ನಿಯಮದ ಹಿಂದಿನ ವಿವೇಚನೆ. ಎರಡು ಮೂರು ಸಲ ಹುಸಿಯಾದ ಎಚ್ಚರಿಕೆಯನ್ನು ನಾಲ್ಕನೆಯ ಸಲ ಜನರು ಲೆಕ್ಕಿಸುವುದಿಲ್ಲವೆಂಬುದು ಎಲ್ಲ ಬಗೆಯ ವಿಕೋಪ ನಿರ್ವಹಣೆಯಲ್ಲಿಯೂ ಕಂಡ ಸಂಗತಿ.

2012ರ ಏಪ್ರಿಲ್ 11ರ ಪರೀಕ್ಷೆ

ಈ ನಿಯಮವು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾದದ್ದು 2012ರ ಏಪ್ರಿಲ್ 11ರಂದು. ಅಂದು ಮಧ್ಯಾಹ್ನ 2 ಗಂಟೆ 8 ನಿಮಿಷಕ್ಕೆ ಸುಮಾತ್ರಾದ ಪಶ್ಚಿಮಕ್ಕೆ ಸಮುದ್ರದಲ್ಲಿ 8.6 ಪರಿಮಾಣದ ಭೂಕಂಪವಾಯಿತು. ಸುಮಾರು ಎರಡು ಗಂಟೆಗಳ ಬಳಿಕ 8.2 ಪರಿಮಾಣದ ಇನ್ನೊಂದು ಭೂಕಂಪ ಸಂಭವಿಸಿತು. ನಡುಕವು ಚೆನ್ನೈ, ಕೋಲ್ಕತ್ತ ಮತ್ತು ಬೆಂಗಳೂರುಗಳಲ್ಲಿಯೂ ಅನುಭವಕ್ಕೆ ಬಂದು, ಜನರು ಕಚೇರಿ, ಮನೆಗಳಿಂದ ಹೊರಗೋಡಿದರು. 2004ರ ನೆನಪು ಇನ್ನೂ ಹಸಿಯಾಗಿದ್ದುದರಿಂದ ಪೂರ್ವ ಕರಾವಳಿಯಲ್ಲಿ ಭೀತಿ ಹರಡಿತು.

ಪೆಸಿಫಿಕ್ ಕೇಂದ್ರವು ಇಡೀ ಹಿಂದೂ ಮಹಾಸಾಗರಕ್ಕೆ ಅನ್ವಯವಾಗುವಂತೆ ನಿಗಾ ಸೂಚನೆಯನ್ನು ಹೊರಡಿಸಿತು. ಹೈದರಾಬಾದಿನ ಕೇಂದ್ರವು ಹತ್ತು ನಿಮಿಷಗಳ ಒಳಗೆ ಮೊದಲ ಪ್ರಕಟಣೆ ನೀಡಿ, ನಿಕೋಬಾರ್ ದ್ವೀಪಗಳಿಗೆ ‘ಎಚ್ಚರಿಕೆ’ಯನ್ನೂ ಪೂರ್ವ ಕರಾವಳಿಗೆ ಕೆಳಹಂತದ ಸೂಚನೆಯನ್ನೂ ಕೊಟ್ಟಿತು. ಸಮುದ್ರದ ಉಪಕರಣಗಳಲ್ಲಿ ಕಂಡದ್ದು ಅಲ್ಪ ಏರಿಳಿತ ಮಾತ್ರ. ಸಮುದ್ರತಳದ ಬದಿಗಳು ಅಡ್ಡಡ್ಡಲಾಗಿ ಸರಿದ ಭೂಕಂಪಗಳಲ್ಲಿ ಅದುವರೆಗೆ ಉಪಕರಣಗಳಲ್ಲಿ ದಾಖಲಾದ ಅತ್ಯಂತ ದೊಡ್ಡದು ಅದಾಗಿತ್ತು. ಹಾಗಾಗಿ ನೀರು ಹೆಚ್ಚು ಮೇಲೇಳಲಿಲ್ಲ. ಇಂಡೋನೇಷ್ಯಾದ ಮ್ಯುಲಾಬೊದಲ್ಲಿ ಸುಮಾರು ಒಂದು ಮೀಟರ್ ಎತ್ತರದ ಅಲೆ ದಾಖಲಾಯಿತು. ಭಾರತದ ಮುಖ್ಯಭೂಮಿಗೆ ಸೂಚನೆಯನ್ನು ‘ಎಚ್ಚರಿಕೆ’ಗೆ ಏರಿಸುವ ಅಗತ್ಯ ಬೀಳದೆ, ಸಂಜೆಯ ವೇಳೆಗೆ ಸೂಚನೆಗಳನ್ನು ಹಿಂತೆಗೆದುಕೊಳ್ಳಲಾಯಿತು. ಅಲೆ ಬಾರದ ದಿನಗಳು ಸುದ್ದಿಯಲ್ಲಿ ಉಳಿಯುವುದಿಲ್ಲವಾದರೂ, ಜಾಲದ ಸಾಮರ್ಥ್ಯವನ್ನು ಅರಿಯಲು ಆ ದಿನದ ದಾಖಲೆ ಉತ್ತಮ ಸಾಧನವಾಗಿದೆ.

ಅಂತರರಾಷ್ಟ್ರೀಯ ಹೊಣೆ

ಯುನೆಸ್ಕೋದ ಅಂತರ್‌ಸರ್ಕಾರಿ ಸಾಗರವಿಜ್ಞಾನ ಆಯೋಗದ ಆಶ್ರಯದಲ್ಲಿ ಹಿಂದೂ ಮಹಾಸಾಗರದ ದೇಶಗಳಿಗೆ ಸಾಮಾನ್ಯವಾದ ವ್ಯವಸ್ಥೆಯೊಂದು ರೂಪುಗೊಂಡಿದೆ. 2011ರ ಅಕ್ಟೋಬರ್‌ನಿಂದ ಭಾರತ, ಆಸ್ಟ್ರೇಲಿಯಾ ಮತ್ತು ಇಂಡೋನೇಷ್ಯಾಗಳು ಈ ಪ್ರದೇಶದ ದೇಶಗಳಿಗೆ ಸುನಾಮಿ ಸಲಹೆ ನೀಡುತ್ತಿವೆ. ಅದುವರೆಗೆ ಆ ಕೆಲಸವನ್ನು ತಾತ್ಕಾಲಿಕವಾಗಿ ಪೆಸಿಫಿಕ್ ಕೇಂದ್ರ ಮತ್ತು ಜಪಾನಿನ ಹವಾಮಾನ ಸಂಸ್ಥೆಗಳು ನಿರ್ವಹಿಸುತ್ತಿದ್ದವು. 2013ರ ಮಾರ್ಚ್ ಕೊನೆಯಲ್ಲಿ ಅವು ಪೂರ್ಣವಾಗಿ ಹಿಂದೆ ಸರಿದವು. ಸಲಹೆ ನೀಡುವುದಷ್ಟೇ ಈ ಮೂರು ಕೇಂದ್ರಗಳ ಕೆಲಸ. ತನ್ನ ಪ್ರಜೆಗಳಿಗೆ ಎಚ್ಚರಿಕೆ ಸಾರುವ ಅಧಿಕಾರ ಆಯಾ ದೇಶದ್ದೇ.

ಕೇಂದ್ರದಿಂದ ಕಡಲತೀರದವರೆಗೆ

ಹೈದರಾಬಾದಿನ ಪ್ರಕಟಣೆಯು ಕೇಂದ್ರ ಗೃಹ ಸಚಿವಾಲಯ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ, ರಾಜ್ಯಗಳ ವಿಪತ್ತು ನಿರ್ವಹಣಾ ಸಂಸ್ಥೆಗಳು ಮತ್ತು ಕರಾವಳಿ ಜಿಲ್ಲೆಗಳ ನಿಯಂತ್ರಣ ಕೊಠಡಿಗಳಿಗೆ ಇ-ಮೇಲ್, ಫ್ಯಾಕ್ಸ್, ಮೊಬೈಲ್ ಸಂದೇಶ ಮುಂತಾದ ಹಲವು ದಾರಿಗಳಲ್ಲಿ ಏಕಕಾಲಕ್ಕೆ ತಲುಪುತ್ತದೆ. ಜನರನ್ನು ತೆರವುಗೊಳಿಸುವ ಆಜ್ಞೆ ಮಾತ್ರ ರಾಜ್ಯ ಮತ್ತು ಜಿಲ್ಲಾ ಆಡಳಿತಗಳದ್ದು. ಈ ಹೊಣೆಗಾರಿಕೆಗೆ ಆಧಾರವಾದ ವಿಪತ್ತು ನಿರ್ವಹಣಾ ಕಾಯ್ದೆಯು 2005ರಲ್ಲಿ, ಸುನಾಮಿಯ ಮರುವರ್ಷವೇ, ಜಾರಿಗೆ ಬಂದಿತು.

ಯಂತ್ರಗಳ ಸರಪಳಿ ನಿಯಂತ್ರಣ ಕೊಠಡಿಯಲ್ಲಿ ಮುಗಿಯುತ್ತದೆ. ಅಲ್ಲಿಂದ ದಡದ ಮನೆಯವರೆಗಿನ ಕೊನೆಯ ಕೆಲವು ಕಿಲೋಮೀಟರ್‌ಗಳನ್ನು ದಾಟಿಸುವುದು ಧ್ವನಿವರ್ಧಕ, ದೇವಸ್ಥಾನ ಮಸೀದಿ ಚರ್ಚುಗಳ ಮೈಕು, ಪೊಲೀಸ್ ಜೀಪು ಮತ್ತು ನೆರೆಹೊರೆಯವರು. ಈ ದಿಸೆಯಲ್ಲಿ ಒಡಿಶಾ ರಾಜ್ಯದ ಕೆಲಸ ಗಮನಾರ್ಹವಾದದ್ದು. ಅಲ್ಲಿನ ಗಂಜಾಂ ಜಿಲ್ಲೆಯ ವೆಂಕಟರಾಯಪುರ ಮತ್ತು ಜಗತ್‌ಸಿಂಗ್‌ಪುರ ಜಿಲ್ಲೆಯ ನೋಲಿಯಾಸಾಹಿ ಗ್ರಾಮಗಳು 2020ರಲ್ಲಿ ಯುನೆಸ್ಕೋದ ಆಯೋಗದಿಂದ ‘ಸುನಾಮಿಗೆ ಸಿದ್ಧ’ ಸಮುದಾಯಗಳೆಂಬ ಮನ್ನಣೆ ಪಡೆದವು. ಹಿಂದೂ ಮಹಾಸಾಗರ ಪ್ರದೇಶದಲ್ಲಿ ಈ ಮನ್ನಣೆ ಪಡೆದ ಮೊದಲ ಊರುಗಳು ಇವು. ಓಡುವ ದಾರಿಯ ನಕ್ಷೆ, ಫಲಕಗಳು ಮತ್ತು ಅಣಕು ಅಭ್ಯಾಸಗಳು ಈ ಮನ್ನಣೆಗೆ ಬೇಕಾದ ಅಂಶಗಳಲ್ಲಿ ಸೇರಿವೆ.

ಮಿತಿಗಳು

ಅಲೆಯ ಹುಟ್ಟುಸ್ಥಾನಕ್ಕೆ ತೀರ ಹತ್ತಿರದಲ್ಲಿರುವವರಿಗೆ ಜಾಲದಿಂದ ದೊರೆಯುವ ನೆರವು ಅಲ್ಪ. 2004ರಲ್ಲಿ ಇಂಡೋನೇಷ್ಯಾದ ಬಂದಾ ಆಚೆ ನಗರಕ್ಕೆ ಸುನಾಮಿ ತಲುಪಲು ಇಪ್ಪತ್ತು ನಿಮಿಷಗಳೂ ಹಿಡಿಯಲಿಲ್ಲವೆಂದು ಅಂದಾಜಿಸಲಾಗಿದೆ. ಅಂತಹ ಕಡೆ ನೆಲದ ನಡುಕವೇ ಎಚ್ಚರಿಕೆ. ಅದೇ ದೇಶದ ಸಿಮಿಯುಲು ದ್ವೀಪದಲ್ಲಿ 1907ರ ಸುನಾಮಿಯ ನೆನಪು ‘ಸ್ಮಾಂಗ್’ ಎಂಬ ಹೆಸರಿನಲ್ಲಿ ಅಜ್ಜ ಅಜ್ಜಿಯರ ಕಥೆಯಾಗಿ ಉಳಿದುಬಂದಿತ್ತು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕು. ಭೂಕಂಪದ ಕೇಂದ್ರಕ್ಕೆ ಅತಿ ಸಮೀಪದಲ್ಲಿದ್ದ ಆ ದ್ವೀಪದ ಸುಮಾರು 78,000 ನಿವಾಸಿಗಳಲ್ಲಿ 2004ರಲ್ಲಿ ಸತ್ತವರು ಏಳು ಮಂದಿ. ಭಾರತದ ಕೆಲವು ಕಡಲತೀರಗಳಲ್ಲಿ ಅದೇ ದಿನ ನೀರು ಹಿಂದೆ ಸರಿದಾಗ ಜನರು ಕುತೂಹಲದಿಂದ ಬರಿದಾದ ಕಡಲತಳಕ್ಕೆ ಇಳಿದಿದ್ದರು.

ಭೂಕಂಪವಿಲ್ಲದೆ ಹುಟ್ಟುವ ಸುನಾಮಿಗಳು ಇನ್ನೊಂದು ಸಮಸ್ಯೆ. 2018ರ ಡಿಸೆಂಬರ್ 22ರ ರಾತ್ರಿ ಇಂಡೋನೇಷ್ಯಾದ ಅನಾಕ್ ಕ್ರಕಟಾವ್ ಜ್ವಾಲಾಮುಖಿಯ ಒಂದು ಪಾರ್ಶ್ವವೇ ಸಮುದ್ರಕ್ಕೆ ಕುಸಿದು ಸುನಾಮಿ ಎದ್ದಿತು. ಭೂಕಂಪದಿಂದಲೇ ಎಚ್ಚರಗೊಳ್ಳುವ ವ್ಯವಸ್ಥೆಗೆ ಅದು ತಿಳಿಯಲಿಲ್ಲ. ಎಚ್ಚರಿಕೆಯಿಲ್ಲದೆ 400ಕ್ಕೂ ಹೆಚ್ಚು ಜನರು ಸತ್ತರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ ದೇಶದ ಪಾಲು ನಗರಕ್ಕೆ ಸುನಾಮಿ ಬಡಿದಾಗ, ಹಿಂದೆ ನಿಲ್ಲಿಸಿದ್ದ ತೇಲುಘಟಕಗಳು ಹಲವು ವರ್ಷಗಳಿಂದ ಕೆಟ್ಟು ಬಿದ್ದಿದ್ದ ಸಂಗತಿ ಬೆಳಕಿಗೆ ಬಂದಿತು. ದೊಡ್ಡ ಸುನಾಮಿಗಳ ನಡುವೆ ದಶಕಗಳೇ ಕಳೆಯುವುದರಿಂದ, ಬಳಕೆಗೆ ಬಾರದಂತೆ ತೋರುವ ಉಪಕರಣಗಳ ನಿರ್ವಹಣೆಗೆ ವರ್ಷ ವರ್ಷವೂ ಹಣ ಒದಗಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಕರ್ನಾಟಕದ ಕರಾವಳಿ

ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕರಾವಳಿಗೆ 2004ರಲ್ಲಿ ಗಂಭೀರ ಹಾನಿಯಾಗಲಿಲ್ಲ. ಭಾರತದ ಮುಖ್ಯಭೂಮಿ ಮತ್ತು ಶ್ರೀಲಂಕಾಗಳು ಪೂರ್ವದಿಂದ ಬಂದ ಅಲೆಗಳಿಗೆ ಅಡ್ಡಲಾಗಿದ್ದವು. ಈ ಕರಾವಳಿಗೆ ನೇರವಾಗಿ ಎದುರಾಗುವುದು ಮಕ್ರಾನ್ ವಲಯ. ಅಲ್ಲಿಂದ ಹೊರಟ ಅಲೆ ಇಲ್ಲಿಗೆ ಬರಲು ಹಲವು ಗಂಟೆಗಳು ಬೇಕಾಗುವುದರಿಂದ, ಒಂದು ಗಂಟೆಯ ನಿಯಮದ ಪ್ರಕಾರ ಇದು ಸಮುದ್ರದ ಉಪಕರಣಗಳ ಸಾಕ್ಷ್ಯಕ್ಕಾಗಿ ಕಾಯಲು ಅವಕಾಶವಿರುವ ಪ್ರದೇಶ. ಕಾರವಾರ ಮತ್ತು ಮಂಗಳೂರು ಬಂದರುಗಳಲ್ಲಿ ಉಬ್ಬರವಿಳಿತ ಮಾಪಕಗಳಿವೆ.

ಮಳೆಗಾಲದಲ್ಲಿ ಉಳ್ಳಾಲ ಮೊದಲಾದ ಕಡೆ ಕಾಣುವ ಕಡಲ್ಕೊರೆತವೂ, ಪತ್ರಿಕೆಗಳಲ್ಲಿ ಪ್ರಕಟವಾಗುವ ಎತ್ತರದ ಅಲೆಗಳ ಮುನ್ಸೂಚನೆಯೂ ಸುನಾಮಿಗೆ ಸಂಬಂಧಿಸಿದವಲ್ಲ. ಅವು ಗಾಳಿಯಿಂದ ಏಳುವ ಅಲೆಗಳ ಪರಿಣಾಮ. ಆದರೆ ಆ ಮುನ್ಸೂಚನೆಯನ್ನು ಹೊರಡಿಸುವುದೂ ಹೈದರಾಬಾದಿನ ಇದೇ ಸಂಸ್ಥೆ. ಮೀನು ಹೆಚ್ಚಾಗಿ ಸಿಗಬಹುದಾದ ಜಾಗಗಳನ್ನು ಉಪಗ್ರಹ ಮಾಹಿತಿಯಿಂದ ಗುರುತಿಸಿ ಮೀನುಗಾರರಿಗೆ ತಿಳಿಸುವ ಸೇವೆಯನ್ನೂ ಅದು ನಡೆಸುತ್ತದೆ. ಕರಾವಳಿಯ ಅನೇಕರಿಗೆ ಈ ಸಂಸ್ಥೆಯ ಪರಿಚಯ ಆಗಿರುವುದು ಆ ಸೇವೆಯ ಮೂಲಕ. ವಿಪತ್ತಿನ ಸೂಚನೆಯನ್ನು ನಿರ್ದಿಷ್ಟ ಪ್ರದೇಶದ ಎಲ್ಲ ಮೊಬೈಲ್ ಫೋನುಗಳಿಗೂ ಒಮ್ಮೆಗೇ ಕಳುಹಿಸುವ ಏರ್ಪಾಡನ್ನು ಕರ್ನಾಟಕದಲ್ಲಿ 2023ರ ಅಕ್ಟೋಬರ್ 12ರಂದು ಪ್ರಾಯೋಗಿಕವಾಗಿ ನಡೆಸಿದಾಗ, ರಾಜ್ಯದಾದ್ಯಂತ ಫೋನುಗಳು ಜೋರಾದ ಸದ್ದಿನೊಂದಿಗೆ ಸಂದೇಶವನ್ನು ತೋರಿಸಿದವು.